ನಾಯಿಗೆ ಟೋಪಿ ಹಾಕುವ ಕಲೆ

ಮನುಷ್ಯನು ಮನುಷ್ಯನಿಗೆ ಟೋಪಿ ಹಾಕುವುದು ಬಹಳ ಹಳೆಯ ವಿದ್ಯೆ. ಅದಕ್ಕೆ ಕಾಯಿದೆಯುಂಟು, ಕಚೇರಿಯುಂಟು. ಹಾಕಿಸಿಕೊಂಡವನು ಹೋಗಿ ದೂರು ಕೊಡಬಹುದು. ಈಚೆಗೆ ನಮ್ಮ ಪಟ್ಟಣಗಳಲ್ಲಿ ನಾಯಿಗೆ ಟೋಪಿ ಹಾಕುವ ವಿದ್ಯೆಯೊಂದು ಹಬ್ಬಿಕೊಂಡಿದೆ. ಇದು ಅಲಂಕಾರದ ಮಾತಲ್ಲ, ಅಕ್ಷರಶಃ ಟೋಪಿಯೇ. ತಲೆಯ ಮೇಲೆ ಬಣ್ಣದ ಕಾಗದದ ಟೋಪಿ, ಮೂಗಿನ ಮೇಲೆ ಕಪ್ಪು ಕನ್ನಡಕ, ಕೊರಳಿಗೊಂದು ಬೋ ಟೈ, ಮುಂದೆ ಕೇಕು, ಹಿಂದೆ ಬಲೂನು. ನಾಯಿಯ ಹುಟ್ಟಿದ ಹಬ್ಬವಂತೆ. ಮನೆಯ ಯಜಮಾನರು ಎರಡು ಗಜ ದೂರದಲ್ಲಿ ನೆಟ್ಟಗೆ ನಿಂತು, ಮೊಬೈಲು ಹಿಡಿದು, "ಇಲ್ಲಿ ನೋಡು, ಇಲ್ಲಿ ನೋಡು" ಎಂದು ಕೂಗುತ್ತಾರೆ. ನಾಯಿ ಎಲ್ಲ ಕಡೆಗೂ ನೋಡುತ್ತದೆ, ಅಲ್ಲಿಗೊಂದನ್ನು ಬಿಟ್ಟು. ಕೊನೆಗೆ ಫಕ್ಕನೆ ಬೆಳಕು ಮಿಂಚುತ್ತದೆ. ಚಿತ್ರದಲ್ಲಿ ಕಾಣಿಸುವುದು ಹಸಿರು ದೀಪಗಳಂತೆ ಉರಿಯುವ ಎರಡು ಕಣ್ಣು, ಮತ್ತು ಅವುಗಳ ಸುತ್ತ ಯಾವುದೋ ಒಂದು ಪ್ರಾಣಿ. ಅದನ್ನು ಐವತ್ತು ಮಂದಿಗೆ ಕಳಿಸುತ್ತಾರೆ. ಐವತ್ತು ಮಂದಿಯೂ "ಎಷ್ಟು ಮುದ್ದಾಗಿದೆ!" ಎಂದು ಬರೆಯುತ್ತಾರೆ. ಇದಕ್ಕೆ ನಮ್ಮಲ್ಲಿ ಈಗ ಸಾಕುಪ್ರಾಣಿಯ ಭಾವಚಿತ್ರವೆಂದು ಹೆಸರು.

ಭಾವಚಿತ್ರ! ಕನ್ನಡದಲ್ಲಿ ಈ ಶಬ್ದವನ್ನು ಮಾಡಿದವರು ಯಾರೋ, ಪುಣ್ಯವಂತರು. ರೂಪವನ್ನಷ್ಟೇ ಹಿಡಿದರೆ ಸಾಲದು, ಭಾವವನ್ನು ಹಿಡಿಯಬೇಕು ಎಂಬ ಪಣವನ್ನು ಶಬ್ದದೊಳಗೇ ಕಟ್ಟಿಟ್ಟರು. ನಾನು ಇಲ್ಲಿ ಜಗಳ ತೆಗೆಯಲು ಹೊರಟಿರುವುದು ಚಿತ್ರ ತೆಗೆಯುವವರೊಡನೆ ಅಲ್ಲ. ತೆಗೆಯಲಿ, ಇನ್ನೂ ಹೆಚ್ಚಾಗಿ ತೆಗೆಯಲಿ. ನನ್ನ ತಕರಾರು ಇರುವುದು ಚಿತ್ರದಿಂದ ಪ್ರಾಣಿಯನ್ನು ಹೊರಗೆ ಹಾಕಿ, ಅದರ ಜಾಗದಲ್ಲಿ ತಮ್ಮ ವಾತ್ಸಲ್ಯವನ್ನು ಕೂಡಿಸಿ ಅದರ ಚಿತ್ರ ತೆಗೆಯುವವರ ಮೇಲೆ.

"ಅವರವರ ನಾಯಿ, ಅವರವರ ಮೊಬೈಲು, ನಿಮಗೇನು ಕಷ್ಟ?" ಎಂದು ನನ್ನ ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನಗೆ ಕಷ್ಟವೇನೂ ಇಲ್ಲ. ಕಷ್ಟವಿರುವುದು ನಾಯಿಗೆ, ಮತ್ತು ಆ ಮನೆಯ ಮಗುವಿಗೆ. ನಾಯಿಗೆ ಮುಜುಗರವಾದಾಗ, ಅಂಜಿಕೆಯಾದಾಗ, ಅದು ಅದನ್ನು ಬಾಯಿಬಿಟ್ಟು ಹೇಳಲಾರದು, ಮೈಯಿಂದ ಹೇಳುತ್ತದೆ. ನಿದ್ದೆಯ ಹೊತ್ತಲ್ಲದ ಹೊತ್ತಿನಲ್ಲಿ ಆಕಳಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ಮುಖವನ್ನು ಒಂದು ಕಡೆಗೆ ತಿರುಗಿಸಿ ಕಣ್ಣನ್ನು ಮಾತ್ರ ಇತ್ತ ಹೊರಳಿಸುತ್ತದೆ. ಆಗ ಕಣ್ಣಿನ ಬಿಳಿಯ ಭಾಗ ಚಂದ್ರನ ತುಣುಕಿನಂತೆ ಕಾಣುತ್ತದೆ. ಕಿವಿ ಹಿಂದಕ್ಕೆ ಒರಗುತ್ತದೆ. ನಾನು ನೋಡಿದ ಟೋಪಿಯ ಚಿತ್ರಗಳಲ್ಲಿ ಪ್ರತಿಯೊಂದರಲ್ಲಿಯೂ ಇವುಗಳಲ್ಲಿ ಯಾವುದಾದರೂ ಒಂದು ಇದ್ದೇ ಇತ್ತು. ಚಿತ್ರದ ಕೆಳಗೆ ಬರೆದಿದ್ದ ಮಾತು ಮಾತ್ರ "ನಮ್ಮ ರಾಜ ನಗುತ್ತಿದ್ದಾನೆ!" ಮಗು ಈ ಪಾಠವನ್ನು ಕಲಿಯುತ್ತದೆ. ನಾಳೆ ನಾಯಿ ಹಾಗೆಯೇ ಕಣ್ಣು ಹೊರಳಿಸಿದಾಗ, ನಗುತ್ತಿದೆಯೆಂದೇ ತಿಳಿದು, ಹೋಗಿ ಕುತ್ತಿಗೆಯನ್ನು ಅಪ್ಪುತ್ತದೆ. ಆಮೇಲೆ ಆಸ್ಪತ್ರೆ, ಹೊಲಿಗೆ, ಚುಚ್ಚುಮದ್ದು; ನಾಯಿ ಮನೆಯಿಂದ ಹೊರಕ್ಕೆ. ಮಕ್ಕಳನ್ನು ಕಚ್ಚುವುದು ಬೀದಿಯ ನಾಯಿಯೊಂದೇ ಅಲ್ಲವಷ್ಟೆ.

ಮತ್ತೊಂದು ಮಾತು. ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ, ಹೆಚ್ಚೆಂದರೆ ಹದಿನೈದು. ಅದು ಹೋದಮೇಲೆ ಮನೆಯವರಿಗೆ ಉಳಿಯುವುದು ಚಿತ್ರ ಮಾತ್ರ. ಮನಸ್ಸಿನಲ್ಲಿರುವ ನೆನಪು ಗಟ್ಟಿಯೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಕೆಲವು ವರ್ಷಗಳಲ್ಲಿಯೇ ಕರಗಿ, ಕಣ್ಣೆದುರಿಗಿರುವ ಚಿತ್ರದ ಅಚ್ಚಿನಲ್ಲಿ ಹೊಸದಾಗಿ ಎರಕಗೊಳ್ಳುತ್ತದೆ. ಸತ್ತ ಅಜ್ಜಂದಿರ ವಿಷಯದಲ್ಲಿ ಇದು ನಮಗೆಲ್ಲ ಗೊತ್ತು: ನಮಗೆ ನೆನಪಿರುವುದು ಅಜ್ಜನ ಮುಖವಲ್ಲ, ಹಾರ ಹಾಕಿದ ಆ ಪಟದ ಮುಖ. ಹನ್ನೆರಡು ವರ್ಷ ಬಾಗಿಲು ಕಾಯ್ದ ಪ್ರಾಣಿಯೊಂದು ಕಾಗದದ ಟೋಪಿಯ ಕೋಡಂಗಿಯಾಗಿ ಮಾತ್ರ ನೆನಪಿನಲ್ಲಿ ಉಳಿಯಬೇಕೆ?

ಈ ವಿಷಯದಲ್ಲಿ ಕನ್ನಡಿಗರಿಗೆ ಯಾರ ಉಪದೇಶವೂ ಬೇಕಾಗಿಲ್ಲ. ಸಾಕುನಾಯಿಯ ಚಿತ್ರವನ್ನು ಹೇಗೆ ಮಾಡಬೇಕೆಂಬುದಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ಮೇಲ್ಪಂಕ್ತಿ ನಮ್ಮಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಿಲಾಶಾಸನವನ್ನು ಎಂ.ಎ. ತರಗತಿಗೆ ಪಾಠ ಹೇಳುವ ನಮ್ಮಂಥವರೆಲ್ಲರೂ ಬಲ್ಲರು, ಕಾಲ ಕ್ರಿ.ಶ. ೯೪೯-೫೦. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿ ಅದರಲ್ಲಿ ಇರುವುದರಿಂದ ಚರಿತ್ರಕಾರರು ಅದನ್ನು ಎತ್ತಿ ಆಡುತ್ತಾರೆ. ಆದರೆ ಕಲ್ಲನ್ನು ನೆಟ್ಟದ್ದು ರಾಜಾದಿತ್ಯನಿಗಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಮೆಚ್ಚಿ, ಬೇಕಾದುದನ್ನು ಕೇಳಿಕೋ ಎಂದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಹೇಳಿದಾಗ, ಆತನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಈ ನಾಯಿಯನ್ನು ಕೇಳಿದನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟನು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆ ಕಲ್ಲಿನ ಮೇಲುಭಾಗದಲ್ಲಿ ನಾಯಿಯೂ ಹಂದಿಯೂ ಹೋರಾಡುವ ಶಿಲ್ಪವಿದೆ.

ಶಿಲ್ಪಿಗೆ ಬೇರೆ ದಾರಿಗಳು ಇರಲಿಲ್ಲವೆ? ಒಡೆಯನ ಕಾಲಬಳಿ ಮಲಗಿದ ನಾಯಿಯನ್ನು ಕಡೆಯಬಹುದಾಗಿತ್ತು. ಚಕ್ರವರ್ತಿ ಕೊಟ್ಟ ನಾಯಿಯಲ್ಲವೆ, ಮೈತುಂಬ ಆಭರಣ ತೊಡಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ನಾಯಿ ನಾಯಿಯ ಕೆಲಸದಲ್ಲಿರುವಾಗ ಹೇಗಿರುತ್ತದೆಯೋ ಹಾಗೆ ಕಡೆದನು. ಕಡೆಯಿಸಿದವನು ಕೆಳಗೆ ಅದರ ಹೆಸರನ್ನು ಬರೆಯಿಸಿದನು. ಪ್ರಾಣಿಯ ಭಾವಚಿತ್ರದ ಸೂತ್ರವೆಲ್ಲ ಇಷ್ಟರಲ್ಲಿಯೇ ಅಡಗಿದೆಯೆಂದು ನನ್ನ ವಾದ. ಕೈಯಲ್ಲಿ ಉಳಿ ಇದ್ದರೇನು, ಮೊಬೈಲು ಇದ್ದರೇನು?

ಈಗ ವಿದ್ಯೆಯ ಮಾತಿಗೆ ಬರೋಣ. ಖಂಡಿಸುವುದು ಸುಲಭ, ಮಾಡಿ ತೋರಿಸಲಿ ಎನ್ನುವವರು ಇರುತ್ತಾರೆ. ನನಗೆ ಈ ಹುಚ್ಚು ಇಪ್ಪತ್ತು ವರ್ಷಗಳಿಂದ ಇದೆ. ಆದ್ದರಿಂದ ಹೇಳುವ ಅಧಿಕಾರ ಸ್ವಲ್ಪಮಟ್ಟಿಗೆ ಉಂಟೆಂದು ತಿಳಿದಿದ್ದೇನೆ.

ಮೊದಲ ತಪ್ಪು ನಿಂತುಕೊಂಡು ತೆಗೆಯುವುದು. ಐದೂವರೆ ಅಡಿ ಎತ್ತರದಿಂದ ಒಂದೂವರೆ ಅಡಿಯ ಪ್ರಾಣಿಯನ್ನು ನೋಡಿದರೆ ಕಾಣುವುದು ನೆತ್ತಿ, ಬೆನ್ನು, ಮತ್ತು ಮೊಸಾಯಿಕ್ ನೆಲ. ಅದು ಯಜಮಾನನ ದೃಷ್ಟಿ, ಸ್ನೇಹಿತನದಲ್ಲ. ನೆಲದ ಮೇಲೆ ಕುಳಿತುಕೊಳ್ಳಿ. ಬೆಕ್ಕಾದರೆ, ಕೋಳಿಯಾದರೆ, ಮಲಗಿಕೊಳ್ಳಿ. ಪಂಚೆ ಕೊಳೆಯಾಗುತ್ತದೆ, ಆಗಲಿ. ನಿಮ್ಮ ಮಸೂರವೂ ಪ್ರಾಣಿಯ ಕಣ್ಣೂ ಒಂದೇ ಮಟ್ಟಕ್ಕೆ ಬಂದೊಡನೆ ಚಿತ್ರ ಅರ್ಧ ಗೆದ್ದಿತು. ಆದರೆ ತೀರ ಹತ್ತಿರಕ್ಕೆ ಹೋಗಬೇಡಿ. ಮೊಬೈಲಿನ ಮಸೂರ ಅಗಲನೋಟದ್ದು. ಒಂದು ಗೇಣಿನಿಂದ ತೆಗೆದರೆ ಮೂಗು ಬದನೆಕಾಯಿಯಷ್ಟು ದಪ್ಪವಾಗಿ, ಕಿವಿಗಳು ಎಲ್ಲಿಯೋ ಹಿಂದೆ ಚುಕ್ಕೆಗಳಾಗಿ ಕಾಣುತ್ತವೆ. ಇದನ್ನು ಮುದ್ದೆಂದು ಕರೆಯುವವರೂ ಇದ್ದಾರೆ. ಅವರ ಮುಖವನ್ನೇ ಹಾಗೆ ತೆಗೆದು ತೋರಿಸಿದರೆ ಒಪ್ಪುತ್ತಾರೆಯೆ? ನಾಲ್ಕೈದು ಅಡಿ ಹಿಂದೆ ಸರಿದು, ಎರಡರಷ್ಟು ಹಿಗ್ಗಿಸುವ ಮಸೂರವಿದ್ದರೆ ಅದನ್ನು ಬಳಸಿದರೆ ಮುಖ ಮುಖವಾಗಿ ಬರುತ್ತದೆ.

ಎರಡನೆಯದು, ಆ ಮಿಂಚು ದೀಪ. ನಾಯಿ, ಬೆಕ್ಕು, ದನ, ಕುರಿಗಳ ಕಣ್ಣಿನೊಳಗೆ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪೊರೆಯಿದೆ. ಮಬ್ಬುಬೆಳಕಿನಲ್ಲಿ ನೋಡುವುದಕ್ಕೆ ಅನುಕೂಲವಾಗಲೆಂದು ಪ್ರಕೃತಿ ಇಟ್ಟದ್ದು. ಒಳಗೆ ಬಂದ ಬೆಳಕನ್ನು ಅದು ಮತ್ತೊಮ್ಮೆ ಹಿಂದಿರುಗಿಸುತ್ತದೆ. ರಾತ್ರಿ ಬಸ್ಸಿನ ದೀಪಕ್ಕೆ ರಸ್ತೆಯ ಬದಿಯ ದನಗಳ ಕಣ್ಣು ಹೊಳೆಯುವುದು ಅದರಿಂದಲೇ. ಮಿಂಚು ದೀಪ ಹಾಕಿ ತೆಗೆದರೆ ನಿಮಗೆ ಸಿಕ್ಕುವುದು ಕಣ್ಣಲ್ಲ, ಆ ಕನ್ನಡಿ. ಮನೆಯಲ್ಲಿ ಕಿಟಕಿಯಿಲ್ಲವೆ? ಕಿಟಕಿಯ ಬೆಳಕು ಪ್ರಾಣಿಯ ಮುಖದ ಒಂದು ಪಕ್ಕಕ್ಕೆ ಬೀಳುವಂತೆ ನೀವು ಅತ್ತಿತ್ತ ಸರಿದು ಜಾಗ ಹಿಡಿಯಿರಿ. ಪ್ರಾಣಿಯನ್ನು ಎಳೆದು ಕೂಡಿಸಬೇಡಿ. ಅದು ಎಲ್ಲಿ ಕೂತಿರುತ್ತದೆಯೋ ಅಲ್ಲಿ ಒಂದು ಕಾರಣವಿರುತ್ತದೆ, ತಂಪೋ, ಬಿಸಿಲೋ, ಬಾಗಿಲ ಕಾವಲೋ. ಬೆಕ್ಕಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ. ಕಡುಬಿಸಿಲಿನಲ್ಲಿ ಅದರ ಕಣ್ಣಿನ ಪಾಪೆ ನಿಂತ ಗೆರೆಯಷ್ಟೇ ಆಗಿ ನೋಟ ಕ್ರೂರವಾಗುತ್ತದೆ. ಒಳಮನೆಯ ಮೆದುಬೆಳಕಿನಲ್ಲಿ ಅರಳಿ ದುಂಡಗಾಗುತ್ತದೆ. ಬೆಕ್ಕು ಮಾತ್ರ ಅದೇ ಬೆಕ್ಕು.

ಕೆಂಪು ಟೋಪಿಯ ಮಾತು ಬಂದಾಗ ಇದನ್ನೂ ಹೇಳಿಬಿಡಬೇಕು. ನಾಯಿಗೆ ನೀಲಿ ಹಳದಿಗಳು ಕಾಣುತ್ತವೆ. ಕೆಂಪು ಹಸಿರುಗಳ ಭೇದ ಅದಕ್ಕೆ ನಮ್ಮಂತೆ ತಿಳಿಯುವುದಿಲ್ಲ. ಕೆಂಪೆಂಬುದು ಅದರ ಪಾಲಿಗೆ ಒಂದು ಮಂಕು ಕಂದು. ಹೀಗಿರುವಾಗ ಆ ಕೆಂಪು ಟೋಪಿ, ಕೆಂಪು ಬಲೂನು ಯಾರ ಸಂತೋಷಕ್ಕೆ?

ಕರಿಯ ಪ್ರಾಣಿ ಚಿತ್ರದಲ್ಲಿ ಚೆನ್ನಾಗಿ ಬರುವುದಿಲ್ಲ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಸುಳ್ಳು. ಯಂತ್ರ ಏನನ್ನು ಕಂಡರೂ ಅದನ್ನು ನಡುಮಟ್ಟದ ಬೂದುಬಣ್ಣಕ್ಕೆ ತಂದು ನಿಲ್ಲಿಸಲು ನೋಡುತ್ತದೆ; ನಮ್ಮ ಕೆಲವು ಪರೀಕ್ಷಕರಂತೆ. ಕರಿಯ ನಾಯಿ ಚೌಕಟ್ಟನ್ನು ತುಂಬಿದ್ದರೆ ಅದನ್ನು ಬೂದಿ ಬಳಿದಂತೆ ಬಿಳಚಿಸುತ್ತದೆ. ಅದೇ ನಾಯಿ ಬಿಸಿಲಿನ ಅಂಗಳದ ಎದುರು ಹೊಸ್ತಿಲಲ್ಲಿ ಕುಳಿತಿದ್ದರೆ ಅಂಗಳವನ್ನು ನೋಡಿ ನಾಯಿಯನ್ನು ಇದ್ದಿಲಾಗಿಸುತ್ತದೆ. ಬಿಳಿಯ ಹಸುವನ್ನು ಕೊಳೆಬಟ್ಟೆಯಂತೆ ಮಾಡುತ್ತದೆ. ಮೊಬೈಲಿನ ಗಾಜಿನ ಮೇಲೆ ಪ್ರಾಣಿಯ ಮುಖವನ್ನು ಬೆರಳಿನಿಂದ ಮುಟ್ಟಿದರೆ ಪಕ್ಕದಲ್ಲಿ ಸೂರ್ಯನ ಗುರುತೊಂದು ಮೂಡುತ್ತದೆ. ಅದನ್ನು ಮೇಲಕ್ಕೆಳೆದರೆ ಬೆಳಕು ಹೆಚ್ಚು, ಕೆಳಕ್ಕೆಳೆದರೆ ಕಡಿಮೆ. ಕರಿಯದು ಕರಿದಾಗಿಯೇ ಇದ್ದು, ಕೂದಲಿನ ಹೊಳಪು ಮಾತ್ರ ಕಾಣುವಷ್ಟಕ್ಕೆ ನಿಲ್ಲಿಸಿ. ಇಷ್ಟೇ ವಿದ್ಯೆ. ಇದನ್ನು ತಿಳಿಯದೆ ಕರಿಯ ನಾಯಿಮರಿಯನ್ನೇ ಬೇಡವೆನ್ನುವವರು ಇದ್ದಾರೆಂದು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ, ಬೇಸರವಾಯಿತು. ಮನುಷ್ಯರ ಮದುವೆಯ ಮಾರುಕಟ್ಟೆಯ ರೋಗ ನಾಯಿಗೂ ತಗಲಿತೆ?

ಕೋಳಿಯ ಚಿತ್ರ ಅಲುಗಾಡಿ ಮಸುಕಾಗುತ್ತದೆಂದು ಕೈಬಿಡುವವರು ಅದು ನಡೆಯುವುದನ್ನು ಒಂದು ಸಲ ಗಮನಿಸಿ ನೋಡಬೇಕು. ತಲೆಯನ್ನು ಚುರುಕಾಗಿ ಮುಂದಕ್ಕೆ ಚಾಚುತ್ತದೆ. ಬಳಿಕ ಮೈ ಮುಂದೆ ಬಂದು ಸೇರುವತನಕ ತಲೆಯನ್ನು ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಲ್ಲಿಸಿರುತ್ತದೆ. ಆ ನಿಲುಗಡೆಯಲ್ಲಿ ಗುಂಡಿ ಒತ್ತಬೇಕು. ಎರಡು ದಿನ ನೋಡಿದರೆ ಆ ತಾಳ ನಿಮ್ಮ ಬೆರಳಿಗೂ ಬರುತ್ತದೆ. ಹಸುವಾದರೆ ಮೆಲುಕು ಹಾಕುವ ಹೊತ್ತು, ಅದರ ಸಮಾಧಾನದ ಹೊತ್ತು. ನಾಯಿಯಾದರೆ ಒಂದು ಸುತ್ತು ಓಡಿ ಬಂದು ದಣಿದು ಕುಳಿತ ಹೊತ್ತು. ಈಗಿನ ಮೊಬೈಲುಗಳು ಕತ್ತಲಲ್ಲಿಯೂ ತೆಗೆಯುತ್ತವೆ ಎಂದು ಜಾಹೀರಾತು ಹೇಳುವುದು ನಿಜವೇ. ಆದರೆ ಅವು ಹಲವು ಚಿತ್ರಗಳನ್ನು ಒಂದರಮೇಲೊಂದು ಹೊಂದಿಸಿ ಒಂದು ಮಾಡುತ್ತವೆ. ಅಷ್ಟರಲ್ಲಿ ಬಾಲ ಅಲ್ಲಾಡಿದರೆ ಬಾಲವಿರುವುದಿಲ್ಲ. ಕೂದಲಿನ ಎಳೆಯೆಲ್ಲ ಕಲಸಿ ಮೇಣವಾಗಿರುತ್ತದೆ. ನಾಳೆ ಬೆಳಿಗ್ಗೆ ಸೂರ್ಯ ಬರುತ್ತಾನೆ, ಅವಸರವೇನು?

ಅವಸರ! ರೋಗದ ಬೇರು ಇರುವುದು ಇಲ್ಲಿಯೇ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಾಗಲಿ, ಸಂಡೂರಿನ ಎಂ. ವೈ. ಘೋರ್ಪಡೆಯವರಾಗಲಿ ಹಕ್ಕಿಗೂ ಕಾಡುಮೃಗಕ್ಕೂ ಕಾದಷ್ಟು ತಾಳ್ಮೆಯಲ್ಲಿ ನೂರರಲ್ಲಿ ಒಂದು ಪಾಲನ್ನು ನಾವು ನಮ್ಮ ಮನೆಯ ಬೆಕ್ಕಿಗೆ ಕೊಡುವುದಿಲ್ಲ. ಕಾಡಿನ ಪ್ರಾಣಿಗೆ ಅದರದೇ ಸ್ವಭಾವವಿದೆಯೆಂದು ಒಪ್ಪುತ್ತೇವೆ. ಮನೆಯ ಪ್ರಾಣಿಗೆ ನಾವು ಅನ್ನ ಹಾಕುತ್ತೇವಾದ್ದರಿಂದ ಅದರ ಸ್ವಭಾವವೂ ನಮ್ಮದೇ ಎಂದು ಭಾವಿಸಿಬಿಟ್ಟಿದ್ದೇವೆ. ಪ್ರಾಣಿಯ ಬಗ್ಗೆ ನಮಗೆ ಗೊತ್ತಿದೆಯೆಂದುಕೊಂಡದ್ದನ್ನು ಸುಳ್ಳು ಮಾಡಿ ತೋರಿಸುವುದೇ ಒಳ್ಳೆಯ ಛಾಯಾಚಿತ್ರದ ಮಹಿಮೆ. ಓಡುವ ಕುದುರೆಯನ್ನು ಐರೋಪ್ಯ ಚಿತ್ರಕಾರರು ಬಹುಕಾಲ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿದಂತೆ ಬರೆದರು. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬಾತನು ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದಾಗ, ನಾಲ್ಕು ಕಾಲೂ ನೆಲ ಬಿಡುವುದು ಅವು ಹೊಟ್ಟೆಯ ಕೆಳಗೆ ಕೂಡಿಕೊಂಡಾಗ ಎಂದು ತಿಳಿಯಿತು. ಎಷ್ಟೋ ದೊಡ್ಡ ಕಲಾವಿದರ ಕುದುರೆಗಳು ಒಂದೇ ದಿನದಲ್ಲಿ ಕುಂಟಾದವು. ನಮ್ಮ ಟೋಪಿಯ ಚಿತ್ರಗಳು ಆ ದಾರಿಯನ್ನು ಹಿಂದುಮುಂದಾಗಿ ನಡೆಯುತ್ತಿವೆ: ಕಣ್ಣಿಗೆ ಕಾಣುವ ನಾಯಿಯನ್ನು ಬಿಟ್ಟು ಕಲ್ಪಿತ ನಾಯಿಯನ್ನು ಬರೆಯುತ್ತಿವೆ. ಈಗ ಯಂತ್ರಬುದ್ಧಿಯ ಸಹಾಯದಿಂದ ನಾಯಿಗೆ ಮಹಾರಾಜರ ಪೋಷಾಕು ತೊಡಿಸುವುದೂ ಬಂದಿದೆಯಂತೆ. ಅದಕ್ಕೆ ನಾಯಿಯೇ ಬೇಕಿಲ್ಲ. ಒಂದು ವಿಧದಲ್ಲಿ ನಾಯಿಗೆ ಬಿಡುಗಡೆಯಾಯಿತು.

ಇಲ್ಲಿಯವರೆಗೆ ಪಟ್ಟಣದ ಮಾತಾಯಿತು. ನನ್ನ ನಿಜವಾದ ಜಗಳ ಇನ್ನು ಮುಂದಿದೆ.

ನನ್ನ ಊರು ಚಿತ್ರದುರ್ಗ ತಾಲ್ಲೂಕಿನ ತುರುವನೂರು. ಇತಿಹಾಸದ ಪುಸ್ತಕಗಳು ಆ ಊರನ್ನು ನೆನೆಯುವುದು ೧೯೩೯ರ ಅರಣ್ಯ ಸತ್ಯಾಗ್ರಹಕ್ಕಾಗಿ. ಆಗ ಜನ ಈಚಲುಮರಗಳನ್ನು ಕಡಿದು ಸೆರೆಗೆ ಹೋದರು, ನಿಜಲಿಂಗಪ್ಪನವರು ಆ ಹೋರಾಟದ ಮುಂದಾಳುಗಳಲ್ಲಿದ್ದರು. ನನಗಾದರೋ ಊರ ಹೆಸರಿನ ಮೊದಲ ಎರಡಕ್ಷರದ ಮೇಲೆ ಮೋಹ. ತುರು ಎಂದರೆ ದನ. ತುರುಪಟ್ಟಿ, ತುರುಗಾಹಿ, ತುರುಗೋಳ್ ಎಂದು ಹಳಗನ್ನಡದ ಉದ್ದಕ್ಕೂ ಈ ಶಬ್ದ ಮೇಯುತ್ತಾ ಹೋಗಿದೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಉದ್ದಗಲಕ್ಕೂ ಇವೆ. ಅವುಗಳಲ್ಲಿ ಎಷ್ಟರಲ್ಲೋ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಹಿಂಡನ್ನೇ ಕಡೆದಿದ್ದಾರೆ. ಹೆಸರಿನ ವ್ಯುತ್ಪತ್ತಿಯನ್ನು ಇಲ್ಲಿ ಸಾಧಿಸಹೊರಟಿಲ್ಲ. ಗಂಟೆ ಹೊಡೆದಮೇಲೂ ಪಾಠ ಹೇಳುವ ಮೇಷ್ಟರನ್ನು ಯಾರೂ ಕ್ಷಮಿಸುವುದಿಲ್ಲ.

ಆ ಊರಿನ ಮನೆಗಳ ಪಡಸಾಲೆಯಲ್ಲಿ ಗೋಡೆಯ ಮೇಲೆ ಯಾವ ಪಟಗಳಿವೆ? ಅಜ್ಜ ಅಜ್ಜಿ ಕುರ್ಚಿಯ ಮೇಲೆ ಕೈಯಿಟ್ಟು ತೆಗೆಸಿಕೊಂಡದ್ದು, ಮದುವೆಯದು, ಧರ್ಮಸ್ಥಳಕ್ಕೆ ಹೋದಾಗಿನದು, ಮಗ ಪದವಿಯ ಗೌನು ಹಾಕಿದ್ದು. ಆ ಮಗನ ಓದಿಗೆ ಹಣ ಒದಗಿಸಿದ ಜೋಡೆತ್ತುಗಳು? ಹತ್ತು ವರ್ಷ ಹಾಲು ಕೊಟ್ಟ ಎಮ್ಮೆ? ಶೇಂಗಾ ಬಿತ್ತನೆಯ ಕಾಲದಲ್ಲಿ ಹೊಲದಲ್ಲಿಯೇ ಮಲಗಿ ಕಾದ ನಾಯಿ? ಒಂದೂ ಇಲ್ಲ. ಇಲ್ಲವೇ ಇಲ್ಲವೆಂದರೆ ತಪ್ಪಾದೀತು, ಒಂದು ಚಿತ್ರವುಂಟು. ಅದು ಗೋಡೆಯ ಮೇಲಿಲ್ಲ, ಪೆಟ್ಟಿಗೆಯಲ್ಲಿ ವಿಮೆಯ ಕಾಗದದ ಜೊತೆಗೆ ಇದೆ. ದನಕ್ಕೆ ವಿಮೆ ಮಾಡಿಸುವಾಗ ಕಿವಿಯ ಹಳದಿ ಬಿಲ್ಲೆಯಲ್ಲಿರುವ ಹನ್ನೆರಡು ಅಂಕಿಗಳು ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆಯಬೇಕಷ್ಟೆ. ಆ ಚಿತ್ರದಲ್ಲಿ ಅಂಕಿಗಳು ಬಹಳ ಚೆನ್ನಾಗಿ ಬಂದಿರುತ್ತವೆ. ಎತ್ತಿನ ಕಣ್ಣು ಅರ್ಧ ಕತ್ತರಿಸಿ ಹೋಗಿರುತ್ತದೆ.

ರಜೆಗೆ ಬೆಂಗಳೂರಿನಿಂದ ಬರುವ ಮಕ್ಕಳು ಮಾಡುವುದೇನು? ಕಾರಿನಿಂದ ಲ್ಯಾಬ್ರಡಾರ್ ನಾಯಿಯೊಂದನ್ನು ಇಳಿಸುತ್ತಾರೆ. ಬಂಡಿಯ ನೊಗದ ಮೇಲೆ ಅದರ ಮುಂಗಾಲಿಡಿಸಿ ಚಿತ್ರ ತೆಗೆಯುತ್ತಾರೆ. ಹಿಂದೆ ಗೋದಲಿಯಲ್ಲಿ ಕಟ್ಟಿದ್ದ ಎತ್ತು ಅಡ್ಡ ಬಂದರೆ, "ಅಪ್ಪಾ, ಅದನ್ನ ಒಂಚೂರು ಆಚೆ ಕಟ್ಟು, ಬ್ಯಾಕ್‌ಗ್ರೌಂಡ್ ಕೆಡ್ತೈತಿ" ಎನ್ನುತ್ತಾರೆ. ಅಪ್ಪ ಕಟ್ಟುತ್ತಾನೆ. ಮಗನ ಮಾತಿಗೆ ಎದುರಾಡುವ ವಯಸ್ಸು ಅವನದಲ್ಲ.

ಇದಕ್ಕೆ ಸಮರ್ಥನೆಯೂ ಸಿದ್ಧವಿದೆ. ದನ ದುಡಿಮೆಯ ಪ್ರಾಣಿ, ಅದು 'ಪೆಟ್' ಅಲ್ಲ ಎನ್ನುತ್ತಾರೆ. ಕನ್ನಡದಲ್ಲಿ ಯೋಚಿಸಿದರೆ ಈ ಮಾತು ಬಾಯಿಗೇ ಬರುವುದಿಲ್ಲ. ನಮ್ಮ ಶಬ್ದ ಸಾಕುಪ್ರಾಣಿ. ಸಾಕುವುದೆಂದರೆ ಅನ್ನ ಹಾಕಿ, ಮೈ ತೊಳೆದು, ರೋಗಕ್ಕೆ ಮದ್ದರೆದು, ಜೊತೆಗಿಟ್ಟುಕೊಳ್ಳುವುದು. ಮಕ್ಕಳನ್ನು ಸಾಕುತ್ತೇವೆ, ವಯಸ್ಸಾದ ತಾಯಿಯನ್ನು ಸಾಕುತ್ತೇವೆ, ಎಮ್ಮೆಯನ್ನು ಸಾಕುತ್ತೇವೆ, ಬೆಕ್ಕನ್ನೂ ಸಾಕುತ್ತೇವೆ. ದುಡಿದರೆ ಸಾಕಿದ್ದಲ್ಲ, ಸೋಫಾದ ಮೇಲೆ ಮಲಗಿದರೆ ಸಾಕಿದ್ದು ಎಂಬ ಭೇದ ಈ ಕ್ರಿಯಾಪದಕ್ಕೆ ಗೊತ್ತಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವುಗಳಿಗೆ ನೊಗ ಹೂಡುವುದಿಲ್ಲ. ಅವುಗಳ ಹಿಂದೆ ತಿರುಗುವ ಕಿಲಾರಿಯ ಬದುಕೇ ಒಂದು ವ್ರತ. ಇವುಗಳನ್ನು ಯಾವ ಪಟ್ಟಿಯಲ್ಲಿ ಸೇರಿಸುತ್ತೀರಿ, ದುಡಿಮೆಯದರಲ್ಲಿಯೋ ಮುದ್ದಿನದರಲ್ಲಿಯೋ?

ಇನ್ನೊಬ್ಬರು ಜಾಣತನದಿಂದ ಕೇಳಿದರು: "ಕಾರಹುಣ್ಣಿಮೆಗೆ ನೀವು ಎತ್ತಿಗೆ ಬಣ್ಣ ಬಳಿಯುವುದಿಲ್ಲವೆ? ನಾವು ನಾಯಿಗೆ ಟೋಪಿ ಹಾಕಿದರೆ ಮಾತ್ರ ತಪ್ಪೆ?" ಉತ್ತರ ಕೊಡಬೇಕಾದ ಪ್ರಶ್ನೆ. ಕಾರಹುಣ್ಣಿಮೆಯ ದಿನ ಎತ್ತಿಗೆ ಕೆಲಸವಿಲ್ಲ. ಮೈ ತೊಳೆಯುತ್ತಾರೆ, ಒಳ್ಳೆಯ ಮೇವು ಹಾಕುತ್ತಾರೆ. ಕೊಂಬಿಗೆ ಬಣ್ಣ, ತುದಿಗೆ ಹಿತ್ತಾಳೆಯ ಅಣಸು, ಹಣೆಗೆ ಗೊಂಡೆ, ಬೆನ್ನಿಗೆ ಜೂಲು, ಕೊರಳಿಗೆ ಗೆಜ್ಜೆಸರ. ಇವೆಲ್ಲ ಎತ್ತಿನ ಮೈಗೆಂದೇ ಹುಟ್ಟಿದ ಒಡವೆಗಳು. ಕೊಂಬಿಲ್ಲದವನಿಗೆ ಅಣಸು ಯಾವ ಕೆಲಸಕ್ಕೆ? ಎತ್ತು ಅಲಂಕಾರವಾದಮೇಲೆ ಇನ್ನಷ್ಟು ಎತ್ತಾಗುತ್ತದೆ. ಕನ್ನಡಕ ಹಾಕಿದ ನಾಯಿ ಅರ್ಧ ಮನುಷ್ಯನಾಗುತ್ತದೆ, ನೋಡುವವರಿಗೆ ನಗು ಬರುವುದೇ ಅದು ಪೂರ್ತಿ ಆಗಲಾರದು ಎಂಬುದರಿಂದ. ಒಂದು ಮರ್ಯಾದೆ, ಇನ್ನೊಂದು ಹಾಸ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವವರಿಗೆ ನಾನು ಹೆಚ್ಚು ಹೇಳಲಾರೆ. ಆದರೂ ಅಂಥ ದಿನದ ಚಿತ್ರವೊಂದೇ ಸಾಲದೆಂಬುದನ್ನು ನಾನು ಒಪ್ಪುತ್ತೇನೆ. ಎತ್ತಿನ ವರ್ಷದಲ್ಲಿ ಹಬ್ಬ ಒಂದೇ ದಿನ. ಉಳಿದ ದಿನಗಳ ಎತ್ತೂ ಚಿತ್ರದಲ್ಲಿರಬೇಕು, ನೊಗ ಉಜ್ಜಿ ಹೆಗಲು ಗಟ್ಟಿಯಾದ ಎತ್ತು.

ಹೊಟ್ಟೆಗಿಲ್ಲದ ಸೀಮೆಯಲ್ಲಿ ಎತ್ತಿನ ಫೋಟೋ ಏಕೆಂದು ಮೂಗುಮುರಿಯುವವರಿಗೂ ಒಂದು ಮಾತು. ೨೦೨೩ರ ಬರವನ್ನು ಯಾರೂ ಮರೆತಿರಲಾರರು. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸರ್ಕಾರ ಸಾರಿತು. ಬರದಲ್ಲಿ ಮೊದಲು ಮನೆ ಬಿಡುವುದು ಮನುಷ್ಯನಲ್ಲ, ದನ. ಮೇವು ಮುಗಿದಮೇಲೆ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಬಂದ ಬೆಲೆಗೆ ಕೊಟ್ಟು, ಹಗ್ಗವನ್ನು ಮಾತ್ರ ಹೆಗಲ ಮೇಲೆ ಹಾಕಿಕೊಂಡು ಬರುತ್ತಾರೆ. ಮಳೆ ಬಂದಮೇಲೆ ಮತ್ತೆ ಎತ್ತು ಕೊಳ್ಳುವವರು ಕಡಿಮೆ, ಬಾಡಿಗೆಯ ಟ್ರಾಕ್ಟರು ಕರೆಯುತ್ತಾರೆ. ಅದು ತಪ್ಪೆಂದು ಪಟ್ಟಣದಲ್ಲಿ ಕುಳಿತ ನಾನು ಹೇಳುವುದಿಲ್ಲ. ಆದರೆ ಒಂದು ಮನೆಯಲ್ಲಿ ಎತ್ತು ಕಟ್ಟುವ ಪರಂಪರೆಯೇ ಹೀಗೆ ಒಂದು ಬೇಸಗೆಯಲ್ಲಿ ಮುಗಿದುಹೋಗುತ್ತದೆ, ಮತ್ತು ಆ ಕೊನೆಯ ಜೋಡಿಯ ಮುಖ ಹೇಗಿತ್ತೆಂದು ಮೊಮ್ಮಗನಿಗೆ ತೋರಿಸಲು ಆ ಮನೆಯಲ್ಲಿ ಹನ್ನೆರಡು ಅಂಕಿಗಳ ಹೊರತು ಏನೂ ಉಳಿದಿರುವುದಿಲ್ಲ. ಹಿಂದೆ ಚಿತ್ರ ತೆಗೆಸಬೇಕಾದರೆ ದುರ್ಗಕ್ಕೆ ಹೋಗಬೇಕಾಗಿತ್ತು, ದುಡ್ಡು ಬೇಕಾಗಿತ್ತು, ಎತ್ತನ್ನು ಸ್ಟುಡಿಯೋದ ಮೆಟ್ಟಿಲು ಹತ್ತಿಸುವಂತಿರಲಿಲ್ಲ. ಈಗ ಹಟ್ಟಿಯಲ್ಲಿಯೇ, ಹೊಲದಲ್ಲಿಯೇ, ಎಲ್ಲರ ಜೇಬಿನಲ್ಲಿಯೂ ಮೊಬೈಲಿದೆ. ಈಗಲೂ ತೆಗೆಯದಿದ್ದರೆ ಬಡತನದ ನೆಪ ನಡೆಯದು.

ಆದ್ದರಿಂದ ಈ ಸಲ ಊರಿಗೆ ಹೋದಾಗ, ಬೆಳಿಗ್ಗೆ ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತುಕೊಳ್ಳಿ. ಹೊಸಬರನ್ನು ಕಂಡರೆ ದನ ಬೆದರುತ್ತದೆ. ಸ್ವಲ್ಪ ಹೊತ್ತು ಮೊಬೈಲನ್ನು ಜೇಬಿನಿಂದ ತೆಗೆಯಲೇಬೇಡಿ. ದಿನವೂ ಮೇವು ಹಾಕುವವರು ಪಕ್ಕದಲ್ಲಿರಲಿ. ಅವರ ಧ್ವನಿ ಕೇಳಿದೊಡನೆ ಎತ್ತಿನ ಕಿವಿಗಳೆರಡೂ ಮುಂದಕ್ಕೆ ಬರುತ್ತವೆ, ಕಣ್ಣು ಅರಳುತ್ತದೆ. ಆಗ ಕಣ್ಣನ್ನು ಗುರಿಯಿಟ್ಟು ತೆಗೆಯಿರಿ. ಮತ್ತೆ, ಆ ಮೇವು ಹಾಕುವವರನ್ನು ಕತ್ತರಿಸಿ ಹಾಕಬೇಡಿ. ಪಟ್ಟಣದ ನಾಯಿಯ ಚಿತ್ರಗಳಲ್ಲಿಯೂ ನಾನು ಇದನ್ನು ನೋಡಿದ್ದೇನೆ: ದಿನವೂ ಎರಡು ಹೊತ್ತು ನಾಯಿಯನ್ನು ತಿರುಗಾಡಿಸಿಕೊಂಡು ಬರುವ ಹುಡುಗ ಹಗ್ಗ ಹಿಡಿದು ಪಕ್ಕದಲ್ಲಿಯೇ ನಿಂತಿರುತ್ತಾನೆ, ಚಿತ್ರದಲ್ಲಿ ಹಗ್ಗ ಚೌಕಟ್ಟಿನ ಅಂಚಿನವರೆಗೆ ಬಂದು ಅಲ್ಲಿಗೆ ನಿಂತುಹೋಗುತ್ತದೆ. ನಾಯಿ ನೋಡುತ್ತಿರುವುದು ಅವನನ್ನೇ. ಆ ನೋಟದ ಅರ್ಥ ಚಿತ್ರದ ಹೊರಗೆ ಉಳಿಯಿತು. ನಮ್ಮ ಊರಿನಲ್ಲಾದರೆ ಆ ಜಾಗದಲ್ಲಿ ಸಾಮಾನ್ಯವಾಗಿ ಇರುವುದು ಅವ್ವ. ಸಗಣಿ ಬಾಚುವವಳು, ಕಲಗಚ್ಚು ಇಡುವವಳು, ಕರುವಿಗೆ ಹೆಸರಿಡುವವಳು ಅವಳೇ. "ನಂದೇನ್ ಫೋಟ ತೆಗಿತೀಯಪ್ಪ, ಸೀರಿ ಕೊಳಿಯಾಗೈತಿ" ಎಂದು ಸೆರಗು ಮುಖಕ್ಕೆ ತರುತ್ತಾಳೆ. ಬಿಡಬೇಡಿ. ಗಂಗಡೋಲಿನ ಮೇಲೆ ಅವಳ ಕೈ ಬಿದ್ದೊಡನೆ ಹಸು ಕುತ್ತಿಗೆಯನ್ನು ಚಾಚಿ ನಿಲ್ಲುತ್ತದೆ. ಆ ಕ್ಷಣಕ್ಕೆ ಬೇರೆ ಅಲಂಕಾರ ಬೇಕಿಲ್ಲ.

ತೆಗೆದ ಚಿತ್ರ ಮೊಬೈಲಿನಲ್ಲಿಯೇ ಉಳಿದರೆ ಅದು ಇದ್ದೂ ಇಲ್ಲದಂತೆ. ನಾಲ್ಕು ಸಾವಿರ ಚಿತ್ರಗಳ ನಡುವೆ ಒಂದಾಗಿರುತ್ತದೆ. ಮೊಬೈಲು ನೀರಿಗೆ ಬಿದ್ದ ದಿನ ಅದೂ ಮುಳುಗುತ್ತದೆ. ಒಂದನ್ನು ಆರಿಸಿ ಕಾಗದದ ಮೇಲೆ ಮುದ್ರಿಸಿರಿ. ಬಿಸಿಲು ನೇರವಾಗಿ ಬೀಳದ ಗೋಡೆಯನ್ನು ನೋಡಿ ತೂಗುಹಾಕಿ. ಬಣ್ಣದ ಚಿತ್ರ ಬಿಸಿಲಿಗೆ ಮಾಸುತ್ತದೆ. ಹಾಕುವ ಮುಂಚೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಪ್ರಾಣಿಯ ಹೆಸರು, ಊರು, ತಾರೀಖು, ಪಕ್ಕದಲ್ಲಿ ನಿಂತವರ ಹೆಸರು ಬರೆಯಿರಿ. ಇಂಕಿನ ಪೆನ್ನಾದರೆ ಕಾಲಾಂತರದಲ್ಲಿ ಮುಂದಕ್ಕೆ ಊರುವುದುಂಟು.